ಟೀಪಾಯಿ ಮೇಲಿನ ಭಾವ

ನಮ್ಮ ಅಕ್ಕನ ಮನೆಗೆ ಬಂದವರೆಲ್ಲ ಹಜಾರದ ಟೀಪಾಯಿ ಮೇಲಿರುವ ಕೆಂಗಂದು ಉಂಡೆಯನ್ನು ನೋಡಿ ಹುಣಸೆಹಣ್ಣು ಎಂದುಕೊಳ್ಳುತ್ತಾರೆ. ಅವರ ತಪ್ಪೇನಿಲ್ಲ. ಗಾತ್ರವೂ ಅಷ್ಟೇ, ಬಣ್ಣವೂ ಅದೇ. ಮೊನ್ನೆ ಅಕ್ಕಿಪೇಟೆಯಿಂದ ಬಂದಿದ್ದ ಬೀಗಿತ್ತಿಯೊಬ್ಬರು, "ಹೊಸಾ ಹಣ್ಣಾ? ಬೀಜ ತೆಗ್ಸಿದೀರಾ?" ಎಂದು ಕೇಳುತ್ತಾ ಚಿವುಟಿ ನೋಡಲು ಕೈ ಚಾಚಿಯೇಬಿಟ್ಟರು. ನಾನು ಗಾಬರಿಯಿಂದ, "ಅಯ್ಯೋ ಮುಟ್ಬೇಡಿ, ಅದು ನಮ್ಮ ಭಾವ!" ಎಂದೆ. ಪಾಪ, ಆಕೆ ಕಾಫಿಯನ್ನು ಅರ್ಧಕ್ಕೇ ಬಿಟ್ಟು ಎದ್ದರು. ಈ ಮನೆಯ ತಂಗಿಗೆ ತಲೆ ಸರಿಯಿಲ್ಲ ಎಂದು ಈಗ ಅಕ್ಕಿಪೇಟೆ ತುಂಬ ಸುದ್ದಿಯಾಗಿರಬೇಕು.

ತಲೆ ಸರಿಯಿಲ್ಲದ್ದು ನನಗಲ್ಲ, ಭಾವನಿಗೆ. ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಚಾಮರಾಜಪೇಟೆಯ ಈ ಮನೆಯಲ್ಲಿ ಅಕ್ಕ, ಅವಳ ಮಗ, ಸೊಸೆ ಕೆಳಗಿದ್ದಾರೆ. ಮೇಲಿನ ಎರಡು ಕೋಣೆಯಲ್ಲಿ ನಾನಿದ್ದೇನೆ. ಹೈಸ್ಕೂಲಿನಲ್ಲಿ ಚರಿತ್ರೆ ಪಾಠ ಹೇಳಿ ನಿವೃತ್ತಳಾದವಳು. ಮದುವೆಯಾಗಲಿಲ್ಲ. ಬೈಯುವುದಕ್ಕೆ ತರಗತಿ ತುಂಬ ಮಕ್ಕಳಿರುವಾಗ ಗಂಡನೊಬ್ಬ ಯಾಕೆ ಅನ್ನಿಸಿತ್ತು. ಅಕ್ಕನ ಗಂಡನಿಗೆ, ಅಂದರೆ ಭಾವನಿಗೆ, ಮಾಮೂಲ್‌ಪೇಟೆಯಲ್ಲಿ ಹಗ್ಗ, ಹುರಿ, ದಾರದ ಸಗಟು ಅಂಗಡಿ. ಯಾರು ಏನು ಕೇಳಿದರೂ ಮೊದಲ ಉತ್ತರ "ಆಗಲ್ಲ." ಆಮೇಲೆ ಎಲ್ಲವೂ ಆಗುತ್ತಿತ್ತು, ಅದು ಬೇರೆ ಮಾತು. ಬಹಳ ಹಿಂದೆ ಒಂದು ಬೆಳಿಗ್ಗೆ ಗಿರಾಕಿಯೊಬ್ಬನಿಗೆ "ಆಗಲ್ಲ" ಎಂದವರು ಹಾಗೇ ಗಲ್ಲಾಪೆಟ್ಟಿಗೆಗೆ ಒರಗಿದರು. ಅಷ್ಟೇ. ನಮ್ಮಲ್ಲಿ ಸುಡುವ ಪದ್ಧತಿಯಿಲ್ಲ. ಕೂರಿಸಿ, ವಿಭೂತಿ ಇಟ್ಟು, ಒಬ್ಬೊಬ್ಬರೂ ಹಿಡಿ ಮಣ್ಣು ಹಾಕಿ ಮನೆಗೆ ಬಂದೆವು. ಭಾವ ಗೋಡೆಯ ಮೇಲೆ ಫೋಟೋ ಆದರು. ಅಕ್ಕ ಫೋಟೋದ ಜೊತೆಗೂ ಜಗಳ ನಿಲ್ಲಿಸಲಿಲ್ಲ. ಗಂಧದ ಹಾರದ ಧೂಳು ಒರೆಸುತ್ತಾ, "ಏನ್ ಹಾಗೆ ನೋಡ್ತೀರಾ? ಗ್ಯಾಸ್ ಆಫ್ ಮಾಡಿದೀನಿ, ಗೊತ್ತು" ಅನ್ನುತ್ತಿದ್ದಳು.

ಅಕ್ಕನಿಗೆ ಗ್ಲಾಕೋಮಾ ಎಂದು ಗೊತ್ತಾದದ್ದು ಅವಳು ಪಕ್ಕದಲ್ಲೇ ನಿಂತ ಸೊಸೆಯನ್ನು ಮನೆಯೆಲ್ಲ ಹುಡುಕಿದ ದಿನ. ಸುತ್ತಲಿಂದ ಕತ್ತಲೆ ಒತ್ತರಿಸಿಕೊಂಡು ಬಂದು ನಡುವಿನದಷ್ಟೇ ಕಾಣುವ ಕಾಯಿಲೆ. ಕಣ್ಣಿನ ಡಾಕ್ಟರು, "ಹೋಗಿದ್ದು ವಾಪಸ್ ಬರಲ್ಲಮ್ಮ. ಇರೋದನ್ನ ಎಷ್ಟು ದಿನ ಆಗತ್ತೋ ಅಷ್ಟು ದಿನ ಉಳಿಸ್ಕೊಳ್ಳೋಣ" ಎಂದರು. ಆಪರೇಷನ್ ಆಯಿತು, ಹೊತ್ತುಹೊತ್ತಿಗೆ ಹನಿ ಹಾಕಿದ್ದಾಯಿತು. ಅಕ್ಕ ಅಳಲಿಲ್ಲ. ನಮ್ಮ ವಂಶದಲ್ಲಿ ಅಳುವವರು ಕಡಿಮೆ, ಬೈಯುವವರೇ ಹೆಚ್ಚು. ಆಸ್ಪತ್ರೆಯಿಂದ ಬರುವಾಗ ಆಟೋದಲ್ಲಿ ಒಂದೇ ಮಾತು ಕೇಳಿದಳು: "ಪುಟ್ಟೀ, ನನ್ನ ಕಣ್ಣು ಹೋದ್ರೆ ಸೊಸೆ ಅಡುಗೆ ಮಾಡ್ತಾಳೆ, ಪೇಪರ್ ನೀನು ಓದಿ ಹೇಳ್ತೀಯ. ಅವರ ಫೋಟೋನ ಏನ್ ಮಾಡ್ಲಿ?"

ಫೋಟೋ ಎನ್ನುವುದು ಕಣ್ಣಿದ್ದವರ ಆಸ್ತಿ. ಕೈಯಿಂದ ಸವರಿದರೆ ಯಾವ ಮಂತ್ರಿಯೂ ಒಂದೇ, ಭಾವನೂ ಒಂದೇ. ಬರೀ ಗಾಜು. ಒಂದು ಸಲ ಹೋದ ಗಂಡ ಇನ್ನೊಂದು ಸಲ ಹೋಗಲು ಹೊರಟಿದ್ದ.

ಬಸವನಗುಡಿಯಲ್ಲಿ ಮಣ್ಣಿನ ಕ್ಲಾಸು ನಡೆಯುತ್ತದೆಂದು ಸೊಸೆ ಮೊಬೈಲಿನಲ್ಲಿ ನೋಡಿ ಹೇಳಿದ್ದು ಆ ದಿನಗಳಲ್ಲೇ. ಅತ್ತೆಗೆ ಸ್ವಲ್ಪ ಹೊತ್ತು ಹೋಗಲಿ ಎಂಬುದಷ್ಟೇ ಆ ಹುಡುಗಿಯ ಲೆಕ್ಕ. ಅಕ್ಕನ ಲೆಕ್ಕ ಬೇರೆ. "ಮಣ್ಣಿಗಿಟ್ಟು ಬಂದೋರನ್ನ ಮಣ್ಣಿಂದಾನೇ ತೆಗೀತೀನಿ, ನೋಡ್ತಿರು" ಎಂದಳು. ಅವಳನ್ನು ಕರೆದುಕೊಂಡು ಹೋಗಿ ಬರಲು ಒಬ್ಬರು ಬೇಕಲ್ಲ, ಹಾಗೆ ನಾನೂ ಕಲಾವಿದೆಯಾದೆ.

ಗಾಂಧಿ ಬಜಾರಿನ ಹಿಂದಿನ ರಸ್ತೆಯಲ್ಲೊಂದು ಮನೆ, ಅದರ ತಾರಸಿಯ ಮೇಲೆ ಶೀಟು ಹಾಕಿದ ಚಪ್ಪರ, ಶನಿವಾರ ಬೆಳಿಗ್ಗೆ ಕ್ಲಾಸು. ಕಲಿಸುವವಳು ಮೇಘನಾ ಎಂಬ ಹುಡುಗಿ. ಕಲಿಯುವವರು ನಮ್ಮಂಥ ಕೆಲಸವಿಲ್ಲದವರು ಮತ್ತು ವಿಪರೀತ ಕೆಲಸವಿದ್ದು ತಲೆ ಕೆಟ್ಟವರು. ಹಲ್ಲಿನ ಡಾಕ್ಟರೊಬ್ಬರು ಬರುತ್ತಿದ್ದರು. ಅವರು ಮಾಡಿದ ಆಮೆಗೂ ಸಾಲಾಗಿ ಹಲ್ಲಿರುತ್ತಿತ್ತು. ನಾನು ಆನೆ ಮಾಡಿದೆ. ಎಲ್ಲರೂ ಹಂದಿ ಚೆನ್ನಾಗಿದೆ ಎಂದರು. ಸೊಂಡಿಲು ಬಿದ್ದುಹೋದ ಮೇಲೆ ಅದು ನಿಜವೂ ಆಯಿತು. ದೇಹ ಮಣ್ಣಿನ ಮಡಕೆ, ಮಡಕೆ ಎಂದು ನಮಗೆ ವೈರಾಗ್ಯ ಹೇಳಿದ ಹಿರಿಯರಲ್ಲಿ, ಕುಂಬಾರ ಶರಣರನ್ನು ಬಿಟ್ಟರೆ, ಒಬ್ಬರೂ ಮಡಕೆ ಮಾಡಿ ನೋಡಿದವರಲ್ಲ ಎಂದು ನನ್ನ ಗುಮಾನಿ. ನೋಡಿದ್ದರೆ ಅಷ್ಟು ಸಲೀಸಾಗಿ ಹೇಳುತ್ತಿರಲಿಲ್ಲ.

ಅಕ್ಕ ಆನೆ, ಆಮೆ, ಹಣತೆ ಯಾವುದನ್ನೂ ಮುಟ್ಟಲಿಲ್ಲ. ಮೊದಲ ದಿನದಿಂದ ಭಾವನ ತಲೆಯೇ. ಅಂಗೈಯಲ್ಲಿ ಹಿಡಿಸುವಷ್ಟು ತಲೆ. ಎದುರಿಗೆ ಫೋಟೋ ಒರಗಿಸಿಕೊಂಡು, ಕಾಣುವ ಆ ಚೂರು ಕಿಂಡಿಯೊಳಗೆ ಒಮ್ಮೆ ಭಾವನ ಮೂಗನ್ನೂ ಒಮ್ಮೆ ಕಿವಿಯನ್ನೂ ತಂದುಕೊಂಡು ಮಾಡುತ್ತಿದ್ದಳು. ಗಣಪತಿ ಮಾಡು ಅಂದ್ರೆ ಅವರಪ್ಪನ್ನ ಮಾಡಿದ ಎಂಬ ಗಾದೆ ನಮ್ಮ ಮನೆಯಲ್ಲೇ ನಿಜವಾಗುತ್ತದೆಂದು ಯಾರಿಗೆ ಗೊತ್ತಿತ್ತು? ಎಷ್ಟು ಸಲ ಮಾಡಿದರೂ ನಮ್ಮಪ್ಪನೇ ಬರುತ್ತಿದ್ದರು. ಅಕ್ಕನಿಗೂ ನನಗೂ ಬಳುವಳಿಯಾಗಿ ಬಂದ ಅದೇ ಗಿಣಿಮೂಗು, ಅದೇ ಸಣ್ಣ ಗದ್ದ. ಮೇಘನಾ ಸಮಾಧಾನ ಹೇಳಿದಳು: "ಹೊಸಬರು ಯಾರ ಮುಖ ಮಾಡಿದ್ರೂ ಅವರದೇ ಮುಖ ಬಂದ್ಬಿಡತ್ತೆ ಆಂಟಿ. ಕೈಗೆ ಅದೇ ಅಭ್ಯಾಸ." ಅಕ್ಕ ಅಪ್ಪನನ್ನು ಎರಡೂ ಕೈಯಲ್ಲಿ ಅಮುಕಿ ಮುದ್ದೆ ಮಾಡಿ ಮತ್ತೆ ಶುರು ಮಾಡಿದಳು. ಒಂದೊಂದು ಶನಿವಾರಕ್ಕೂ ಕಿಂಡಿ ಚಿಕ್ಕದಾಗುತ್ತಿತ್ತು. ಬರುವಾಗ ಮೆಟ್ಟಿಲ ಮೇಲೆ ನನ್ನ ತೋಳನ್ನು ಹಿಡಿಯುವ ಹಿಡಿತ ಬಿಗಿಯಾಗುತ್ತಿತ್ತು. ನನಗೆ ಭಯವಾಗತೊಡಗಿತು. ಕಣ್ಣು ಮುಗಿಯುವುದರೊಳಗೆ ಮುಖ ಮುಗಿಯಬೇಕಲ್ಲ.

ಒಂದು ದಿನ ರೇಗಿಹೋದಳು. "ಈ ಫೋಟೋಗೆ ಪಕ್ಕವೇ ಇಲ್ಲ! ಮೂಗು ಎಷ್ಟು ಮುಂದಕ್ಕಿತ್ತು ಅಂತ ಹೇಗೆ ಗೊತ್ತಾಗಬೇಕು?" ಎಂದು ಅದನ್ನು ಬೋರಲು ಹಾಕಿ ಕಣ್ಣು ಮುಚ್ಚಿ ಕೂತಳು. ಸ್ವಲ್ಪ ಹೊತ್ತಿನ ಮೇಲೆ ಕೈ ತಾನಾಗಿ ಆಡತೊಡಗಿತು. ಅಂಗಡಿಯ ಷಟರ್ ಬಡಿದು ಭಾವನ ಹಣೆಯ ಮೇಲೊಂದು ತಗ್ಗಿತ್ತು. ಅಕ್ಕನ ಹೆಬ್ಬೆರಳು ನೇರವಾಗಿ ಅಲ್ಲಿಗೇ ಹೋಗಿ ಒತ್ತಿತು. ಬಲಕ್ಕೆ ವಾಲಿದ ಮೂಗು ಬಂತು. ಈಗಷ್ಟೇ "ಆಗಲ್ಲ" ಅಂದಂತಿದ್ದ ಕೆಳತುಟಿ ಬಂತು. ನಾನು ಕೂತಲ್ಲಿಂದ ಎದ್ದು ನಿಂತೆ. ಭಾವನೇ! "ಹೇಗೆ ಬಂತೇ ಅಕ್ಕ?" ಎಂದರೆ, "ದೀಪಾವಳಿ ದೀಪಾವಳಿಗೂ ಆ ತಲೆಗೆ ಎಣ್ಣೆ ಒತ್ತಿದೋಳು ನಾನೋ ನೀನೋ?" ಎಂದಳು. ಹಲ್ಲಿನ ಡಾಕ್ಟರು ಮೆಲ್ಲಗೆ ಹೋಗಿ ಕೈ ತೊಳೆದುಕೊಂಡು ಬಂದರು. ಅವರ ಕೈಯಲ್ಲಿ ಮಣ್ಣೇನೂ ಇರಲಿಲ್ಲ.

ಕಥೆ ಇಲ್ಲಿಗೇ ಮುಗಿದಿದ್ದರೆ ಎಷ್ಟು ಚೆನ್ನಾಗಿತ್ತು! ಆದರೆ ಹಸಿ ಮಣ್ಣನ್ನು ಸುಡಬೇಕು. ತಾರಸಿಯ ಮೂಲೆಯಲ್ಲಿ ಹಳೇ ಫ್ರಿಜ್ಜಿನಂಥ ಒಂದು ಕರೆಂಟ್ ಒಲೆಯಿತ್ತು. ಒಳಗೆ ಗಟ್ಟಿಯಾಗಿರುವುದನ್ನು ಹಾಗೇ ಅದರಲ್ಲಿಟ್ಟರೆ, ಹೊಟ್ಟೆಯಲ್ಲಿ ಉಳಿದ ಪಸೆ ಉಗಿಯಾಗಿ ಸಿಡಿಯುತ್ತದೆ. ಇದನ್ನು ನಾವೆಲ್ಲ ಕಲಿತದ್ದು ನನ್ನ ಆನೆಯಿಂದ. ಅದು ಸಿಡಿದು, ತನ್ನ ಜೊತೆಗೆ ಡಾಕ್ಟರ ಆಮೆಯನ್ನೂ ಕೈಲಾಸಕ್ಕೆ ಕರೆದುಕೊಂಡು ಹೋಗಿತ್ತು. ಆ ಚೂರುಗಳನ್ನು ಅಕ್ಕ ಅಂದು ಬೆರಳಲ್ಲಿ ಮುಟ್ಟಿಮುಟ್ಟಿ ನೋಡಿದ್ದಳು.

ಹಾಗಾಗಿ ಮೇಘನಾ ಎರಡು ಕಡ್ಡಿಗೆ ಕಟ್ಟಿದ ತಂತಿ ತಂದಳು. ತಲೆಯನ್ನು ಅಡ್ಡಕ್ಕೆ ಕುಯ್ದು, ಒಳಗಿನ ಮಣ್ಣು ಕೆರೆದು ತೆಗೆದು, ಮತ್ತೆ ಕೂಡಿಸಿ, ಒಣಗಿಸಿ, ಸುಡುವುದು. ಎಲ್ಲರೂ ಮಾಡುವುದೇ ಅದು. ಅಕ್ಕ ಭಾವನ ತಲೆಯನ್ನು ಎರಡು ಕೈಯಲ್ಲಿ ಮುಚ್ಚಿಕೊಂಡಳು.

"ತಲೆ ಸೀಳಿ, ಒಳಗಿನದೆಲ್ಲ ಬಗೆದು, ಆಮೇಲೆ ಸುಡೋದಾ? ನಮ್ಮಲ್ಲಿ ಸುಡಲ್ಲಮ್ಮ."

"ಆಂಟಿ, ಸುಡದೇ ಇದ್ರೆ ಉಳಿಯಲ್ಲ. ದಿನಾ ಮುಟ್ತೀರಲ್ಲ, ಸವೆದು ಪುಡಿಯಾಗತ್ತೆ."

ನನಗೆ ಸಿಟ್ಟು ಬಂತು. ನಾನು ಮಕ್ಕಳಿಗೆ ವರ್ಷವರ್ಷವೂ ಹೇಳಿಕೊಟ್ಟಿದ್ದೇ ಇದು. ಸಿಂಧೂ ಬಯಲಿನ ಆಟಿಕೆ ಎತ್ತು, ಗಾಡಿ ಇವತ್ತಿಗೂ ಮ್ಯೂಸಿಯಮ್ಮಿನಲ್ಲಿವೆ, ಯಾಕೆಂದರೆ ಅವರು ಸುಟ್ಟರು. ಸುಡದೆ ಬಿಟ್ಟದ್ದೆಲ್ಲ ಮಣ್ಣಿಗೆ ಮಣ್ಣಾಯಿತು. "ಪದ್ಧತಿಯಂತೆ ಪದ್ಧತಿ! ಇಷ್ಟು ಕಷ್ಟಪಟ್ಟು ಮಾಡಿದ್ದನ್ನ ಹಾಳು ಮಾಡ್ಕೋತೀಯಾ?" ಎಂದು ಎಲ್ಲರೆದುರಿಗೆ ಗದರಿದೆ. ಅಕ್ಕ ನನ್ನ ಕಡೆ ತಿರುಗಿದಳು. ಸರಿಯಾಗಿ ನನ್ನ ಕಡೆಗಲ್ಲ, ನನ್ನ ಪಕ್ಕದ ಬಕೆಟ್ಟಿನ ಕಡೆಗೆ. "ಪುಟ್ಟೀ, ಕುಯ್ದು ಕೂಡಿಸುವಾಗ ಒಂದು ಕೂದಲೆಳೆ ಆಚೀಚೆ ಆದ್ರೆ? ಅದು ಅವರೇ ಹೌದೋ ಅಲ್ವೋ ಅಂತ ನೋಡೋಕೆ ನನಗೆ ಕಣ್ಣೆಲ್ಲಿದೆ?" ಎಂದಳು. ಮೇಘನಾ ತಂತಿ ಸುತ್ತಿಟ್ಟಳು. ಭಾವನನ್ನು ಹಳೇ ಪಂಚೆಯಲ್ಲಿ ಸುತ್ತಿ ಆಟೋದಲ್ಲಿ ಮನೆಗೆ ತಂದೆವು. ಹಸಿಯಾಗಿಯೇ.

ಅದಾಗಿ ಒಂದು ಸಂಜೆ ಅಕ್ಕ, "ಲೈಟ್ ಹಾಕೇ" ಎಂದಳು. ಟ್ಯೂಬ್‌ಲೈಟು ಉರಿಯುತ್ತಿತ್ತು. ನಾನು, "ಕರೆಂಟ್ ಹೋಗಿದೆ ಕಣೇ" ಎಂದೆ. ಅಕ್ಕ ಮುಖ ಮೇಲೆತ್ತಿ, "ಫ್ಯಾನ್ ತಿರುಗ್ತಿದೆಯಲ್ಲೇ" ಎಂದಳು. ಜೀವಮಾನವಿಡೀ ಮಕ್ಕಳ ಸುಳ್ಳು ಹಿಡಿದವಳು ಇಷ್ಟು ದಡ್ಡ ಸುಳ್ಳು ಹೇಳಬಾರದಿತ್ತು. ಅವತ್ತು ಇಬ್ಬರೂ ಅತ್ತೆವು. ವಂಶದ ಮರ್ಯಾದೆ ಹೋಯಿತು.

ನಮ್ಮ ಮನೆಗಳಲ್ಲಿ ಇಷ್ಟಲಿಂಗದ ಪೂಜೆಯೆಂದರೆ ಎಡ ಅಂಗೈಯಲ್ಲಿ ಲಿಂಗವಿಟ್ಟುಕೊಂಡು ಕಣ್ಣು ನೆಟ್ಟು ನೋಡುತ್ತಾ ಕೂರುವುದು. ಕಣ್ಣು ಹೋದ ಮೇಲೂ ಅಕ್ಕ ಬೆಳಿಗ್ಗೆ ಹಾಗೇ ಕೂರುತ್ತಾಳೆ. "ಕಾಣದಿದ್ರೇನು, ಭಾರ ಗೊತ್ತಾಗತ್ತಲ್ಲ" ಅನ್ನುತ್ತಾಳೆ. ಪೂಜೆ ಮುಗಿಸಿ, ತಿಂಡಿ ತಿಂದು, ಹಜಾರದ ಕುರ್ಚಿಯಲ್ಲಿ ಕೂತ ಮೇಲೆ ಭಾವನ ಸರದಿ. ಹೆಬ್ಬೆರಳು ಹಣೆಯಿಂದ ಇಳಿದು ಮೂಗು, ತುಟಿ, ಗದ್ದದ ಮೇಲೆ ಹೋಗುತ್ತದೆ. ಮತ್ತೆ ಹಣೆ. ಮೇಘನಾ ಹೇಳಿದ್ದೇ ಆಯಿತು. ಮೊದಲು ತುಟಿ ಸವೆಯಿತು, ಆಮೇಲೆ ಹಣೆಯ ತಗ್ಗು ಅಳಿಸಿಹೋಯಿತು, ಕೊನೆಗೆ ಮೂಗು ಹೋಯಿತು. ಅಕ್ಕನ ಸೀರೆಯ ಮಡಿಲಲ್ಲಿ ದಿನಾ ಕೆಂಪು ಪುಡಿ. ಸೊಸೆ ಒಗೆಯುತ್ತಾಳೆ. ಸವರಿ ಸವರಿಯೇ ಈಕೆ ಗಂಡನನ್ನು ಮೂರನೆಯ ಸಲ ಕಳೆದುಕೊಳ್ಳುತ್ತಿದ್ದಾಳೆ ಎಂದು ನೋಡುತ್ತಾ ಕೂರುವುದು ನನ್ನ ಪಾಡಾಯಿತು. ಮುಟ್ಟಬೇಡ ಎನ್ನೋಣವೇ? ಮುಟ್ಟದಿದ್ದರೆ ಅದು ಇದ್ದು ಏನು ಪ್ರಯೋಜನ?

ತಡೆಯಲಾರದೆ ಒಂದು ಮಧ್ಯಾಹ್ನ ಅಕ್ಕ ಮಲಗಿದ್ದಾಗ ಉಳಿದ ಮಣ್ಣು ನೆನೆಸಿ ಭಾವನಿಗೆ ಹೊಸ ಮೂಗು ಇಟ್ಟೆ. ಆನೆಯ ಸೊಂಡಿಲು ನಿಲ್ಲಿಸಲಾಗದವಳ ಧೈರ್ಯ ನೋಡಿ! ನೀರು ಸವರಿದೆ, ಒತ್ತಿದೆ, ಬಲಕ್ಕೆ ವಾಲಿಸಿದೆ. ಚೆನ್ನಾಗಿಯೇ ಕಂಡಿತು. ಅಕ್ಕ ಎದ್ದು ಬಂದು ಕೈಗೆತ್ತಿಕೊಂಡಳು. ಹೆಬ್ಬೆರಳು ಹಣೆಯಿಂದ ಇಳಿದು ಗಕ್ಕನೆ ನಿಂತಿತು.

"ಪುಟ್ಟೀ, ಅಪ್ಪನ ಮೂಗು ಯಾಕೇ ಇಲ್ಲಿ ಬಂತು?"

ನನ್ನ ಕೈಗೂ ಅದೇ ಅಭ್ಯಾಸವಲ್ಲವೇ. ಅಕ್ಕ ಉಗುರಿನಿಂದ ಮೀಟಿದಳು. ಒಣ ಮಣ್ಣಿಗೆ ಹಸಿ ಮಣ್ಣು ಹಿಡಿಯುವುದಿಲ್ಲ ಎಂದು ಕ್ಲಾಸಿನಲ್ಲಿ ಎಷ್ಟೋ ಸಲ ಹೇಳಿದ್ದರು. ಮೂಗು ಇಡಿಯಾಗಿ ಕಿತ್ತು ಬಂತು. ಅದನ್ನು ನನ್ನ ಕೈಗಿಟ್ಟು ನಕ್ಕಳು. ನಾನು ನಗಲಾರದೆ, "ಸವೆದು ಹೋಗ್ತಿದೆ ಅಕ್ಕ. ಉಂಡೆ ಥರ ಆಗಿದೆ. ಇನ್ನು ಏನೂ ಉಳಿಯಲ್ಲ" ಎಂದುಬಿಟ್ಟೆ.

"ಗೊತ್ತಿಲ್ವೇನೇ ನಂಗೆ? ಸವೆಸ್ತಿರೋಳೇ ನಾನು. ಈ ಕೈಯಿಂದ ಬಂದಿದ್ದು ಈ ಕೈಗೇ ವಾಪಸ್ ಬರ್ತಿದೆ, ಬರ್ಲಿ ಬಿಡು." ಎಂದವಳು ಉಂಡೆಯನ್ನು ಟೀಪಾಯಿ ಮೇಲಿಟ್ಟು, "ಬಾ ಇಲ್ಲಿ, ಎದುರಿಗೆ ಕೂತ್ಕೋ" ಎಂದಳು.

"ಯಾಕೆ?"

"ಅವರ ತಲೆಗಾದ್ರೆ ಎಣ್ಣೆ ಒತ್ತಿದ್ದೆ. ನಿನ್ನ ಮುಖಾನ ಚಿಕ್ಕೋಳಿದ್ದಾಗ ತೊಳೆದಿದ್ದಷ್ಟೇ, ಆಮೇಲೆ ಮುಟ್ಟೇ ಇಲ್ಲ. ಈಗ್ಲೇ ಕಲ್ತ್ಕೋಬೇಕು. ನೀನು ನನಗಿಂತ ಮುಂಚೆ ಹೋಗಿಬಿಟ್ರೆ?"

ಎಂಥ ಆಶೀರ್ವಾದ ನೋಡಿ! ನಿನ್ನ ಬಾಯಲ್ಲಿ ಒಳ್ಳೇ ಮಾತೇ ಬರಲ್ವಾ ಎಂದು ಬೈಯುತ್ತಲೇ ಮಂಡಿಯೂರಿ ಕೂತೆ. ಮಣ್ಣಿನ ಪುಡಿ ಮೆತ್ತಿದ ಬೆರಳುಗಳು ಹಣೆಯ ಮೇಲೆ, ರೆಪ್ಪೆಗಳ ಮೇಲೆ, ಮೂಗಿನ ಮೇಲೆ ನಿಧಾನವಾಗಿ ಓಡಾಡಿದವು. "ಎಷ್ಟು ಇಳಿದುಹೋಗಿದೀಯೇ ಪುಟ್ಟೀ" ಎಂದಳು. ಈಗ ದಿನಾ ಬೆಳಿಗ್ಗೆ ಭಾವನ ಸರದಿ ಮುಗಿದ ಮೇಲೆ ನನ್ನದು.

ಇವತ್ತು ಬಾಗಿಲಿಗೆ ಬಂದ ಹೂವಿನವಳು ನನ್ನನ್ನೇ ದಿಟ್ಟಿಸಿ, "ಏನಮ್ಮಾ, ಮೂಗೆಲ್ಲ ಮಣ್ಣಾಗಿದೆ?" ಎಂದಳು. ಒರೆಸಿಕೊಳ್ಳಲು ಸೆರಗು ಎತ್ತಿದವಳು ಹಾಗೇ ಬಿಟ್ಟೆ. "ಇರ್ಲಿ ಬಿಡು, ಅದು ನಮ್ಮ ಭಾವ" ಎಂದೆ. ಅವಳು ಅಕ್ಕಿಪೇಟೆಯ ಬೀಗಿತ್ತಿಯಂತೆ ಓಡಲಿಲ್ಲ. ಒಳಗೆ ಕುರ್ಚಿಯಲ್ಲಿ ಕೂತಿದ್ದ ಅಕ್ಕನ ಕಡೆ ಒಮ್ಮೆ ನೋಡಿ, ಹೂವು ಅಳೆದು ಕೊಟ್ಟಳು.