ಕಾಕಾ ದಾಟದ ಫರ್ಸಿ

ಕಾಕಾನ ಅಂಗಾಲು ತುಂಬಾ ಅಗಲ. ಐದು ಬೆರಳುಗಳೂ ಒಂದನ್ನೊಂದು ತಾಗದೆ ತಮ್ಮ ತಮ್ಮ ದಿಕ್ಕಿಗೆ ಹರಡಿಕೊಂಡಿದ್ದವು. ಹಿಮ್ಮಡಿಯ ಸೀಳುಗಳಲ್ಲಿ ಕಲ್ಲಿನ ಬೂದು ಪುಡಿ ಕೂತು ಚರ್ಮದ ಬಣ್ಣವೇ ಆಗಿಬಿಟ್ಟಿತ್ತು. ದೀಪಾವಳಿಯ ಎಣ್ಣೆಸ್ನಾನಕ್ಕೂ ಅದು ಹೋಗುತ್ತಿರಲಿಲ್ಲ. ಊರೊಳಗೆ ಎಲ್ಲರಂತೆ ಚಪ್ಪಲಿ ಹಾಕಿ ಓಡಾಡುವ ಮನುಷ್ಯ, ಕಲ್ಲಿನ ಖಣಿಯ ಅಂಚಿಗೆ ಬಂದ ಕೂಡಲೇ ಅದನ್ನು ಬಿಟ್ಟು ಬರಿಗಾಲಿನಲ್ಲಿ ನಿಲ್ಲುತ್ತಿದ್ದರು. ಹೊಸಬರು ಅದನ್ನು ಭಕ್ತಿ ಎಂದುಕೊಂಡು ತಾವೂ ಚಪ್ಪಲಿ ಬಿಟ್ಟು ಕೈಮುಗಿಯುತ್ತಿದ್ದರು. ಕಾಕಾ ನಗುತ್ತಿದ್ದರೇ ಹೊರತು ತಿದ್ದುತ್ತಿರಲಿಲ್ಲ.

ಅವರು ನನಗೆ ರಕ್ತಸಂಬಂಧಿಯಲ್ಲ, ನನ್ನ ಅಪ್ಪನ ಗೆಳೆಯ. ಇಬ್ಬರೂ ಕುರಕುಂಟಾದಿಂದ ಒಂದೇ ಬಸ್ಸಿನಲ್ಲಿ ಶಹಾಬಾದಕ್ಕೆ ಬಂದು, ಒಂದೇ ಕಲ್ಲಿನ ಖಣಿಯಲ್ಲಿ ಕೂಲಿಗೆ ನಿಂತವರು. ಅಪ್ಪ ಕೊನೆಯವರೆಗೂ ಕೂಲಿಯಾಗಿಯೇ ಉಳಿದರು, ಕಾಕಾ ಮೇಸ್ತ್ರಿಯಾದರು. ಹಾಗೆ ಆದದ್ದು ಅವರ ಕಿವಿಯಿಂದ ಎಂದು ಎಲ್ಲರೂ ನಂಬಿದ್ದರು.

ನಮ್ಮ ಕಡೆಯ ಕಲ್ಲು, ನೆಲಕ್ಕೆ ಹಾಸುವ ಫರ್ಸಿ, ಪದರು ಪದರಾಗಿ ಮಲಗಿರುತ್ತದೆ. ಕೆಳಗಿನ ಪದರುಗಳನ್ನು ಎಬ್ಬಿಸುತ್ತ ಹೋದಂತೆ ಮೇಲಿನ ದಂಡೆ ಚಾವಣಿಯ ಹಾಗೆ ಹೊರಗೆ ಚಾಚಿಕೊಳ್ಳುತ್ತದೆ. ಅದರ ಕೆಳಗೇ ಕೂತು ಕೆಲಸ ಮಾಡಬೇಕು. ದಿನಾ ಬೆಳಿಗ್ಗೆ, ಯಾರೂ ಇಳಿಯುವ ಮುಂಚೆ, ಕಾಕಾ ದಂಡೆಯ ಮೇಲೆ ಉದ್ದಕ್ಕೂ ನಡೆಯುತ್ತಿದ್ದರು. ಹಾರೆಯಿಂದ ಒಂದು ಪೆಟ್ಟು ಹಾಕಿ, ಕಣ್ಣು ಮುಚ್ಚಿ ನಿಂತು, ಎಡಗಾಲು ಎತ್ತಿ ಮತ್ತೆ ಇಟ್ಟು, ಆಮೇಲೆ ಇನ್ನೊಂದು ಹೆಜ್ಜೆ. ಬುತ್ತಿಯ ಗಂಟು ಹಿಡಿದ ನಲವತ್ತು ಜನ ಕಾಯುತ್ತಿದ್ದರು. ಅವರು ತಲೆ ಆಡಿಸಿದರೆ ಇಳಿಯುವುದು, ಆಡಿಸದಿದ್ದರೆ ಇಲ್ಲ.

ಒಂದು ದಿನ ಅವರು ತಲೆ ಆಡಿಸಲಿಲ್ಲ. ಮಾಲೀಕನಿಗೆ ಎರಡು ಲಾರಿ ಕಲ್ಲು ಕಳಿಸುವ ಅವಸರ. ಬಾಯಿಗೆ ಬಂದದ್ದೆಲ್ಲ ಬೈದ. ಮರುದಿನವೂ ಕಾಕಾ ಇಳಿಯುವ ದಾರಿಗೆ ಅಡ್ಡಲಾಗಿ ಕೂತೇ ಇದ್ದರು. "ಇಷ್ಟೊತ್ತಿಗೆ ಬೀಳಬೇಕಿತ್ತಲ್ಲಪಾ, ಎಲ್ಲಿ ಬಿತ್ತು?" ಎಂದು ಮಾಲೀಕ ಕುಹಕವಾಡಿದ. ಕಾಕಾ ಹೇಳಿದ್ದು ಇಷ್ಟೇ: "ಟೊಳ್ಳ ಅದ ಅನ್ನೂದು ನಾ ಹೇಳ್ತೀನ್ರಿ. ಯಾವತ್ತ ಬೀಳ್ತದ ಅನ್ನೂದು ಕಲ್ಲಿಗೂ ಗೊತ್ತಿರಂಗಿಲ್ಲ." ಮೂರನೆಯ ದಿನ, ಚಿಕ್ಕ ಮೋಡವೂ ಇಲ್ಲದ ಮಧ್ಯಾಹ್ನ, ಇಪ್ಪತ್ತು ಮಾರು ದಂಡೆ ಒಮ್ಮೆಗೇ ಕುಸಿದು ಕೂತಿತು. ಅದರ ನಟ್ಟನಡುವೆ, ಕುಸಿದ ಜಾಗದಲ್ಲಿ, ನನ್ನ ಅಪ್ಪ ದಿನಾ ಕೂತು ಕಲ್ಲು ಎಬ್ಬಿಸುವ ಸಾಲು ಇತ್ತು. ಅಪ್ಪ ಆಗ ಮೇಲೆ ಬೇವಿನ ನೆರಳಿನಲ್ಲಿ ಕೂತು ರೊಟ್ಟಿ ತಿನ್ನುತ್ತಿದ್ದರು. ಆಮೇಲೆ ಇಪ್ಪತ್ತೆಂಟು ವರ್ಷ ಬದುಕಿದರು. ನನ್ನನ್ನು ಓದಿಸಿದರು, ವಾಡಿ ಜಂಕ್ಷನ್ನಿನಲ್ಲಿ ರೈಲ್ವೆ ಸಿಗ್ನಲ್ ಕೆಲಸಕ್ಕೆ ಸೇರಿದ್ದನ್ನು ನೋಡಿದರು, ಮೊಮ್ಮಗಳನ್ನು ಎತ್ತಿ ಆಡಿಸಿದರು.

ಯಾರ ಮನೆಗೆ ಹೋದರೂ ಕಾಕಾ ಹೊಸ್ತಿಲು ದಾಟಿದ ಕೂಡಲೇ ಹಿಮ್ಮಡಿಯಿಂದ ನೆಲವನ್ನು ಒಮ್ಮೆ ಗುದ್ದುತ್ತಿದ್ದರು. ಗೋಡೆಯ ಬಣ್ಣ, ಟಿವಿ, ಸೋಫಾ ಯಾವುದೂ ಅವರ ಕಣ್ಣಿಗೆ ಬೀಳುತ್ತಿರಲಿಲ್ಲ. ವಾಡಿಯಲ್ಲಿ ನಾನು ಮನೆ ಕಟ್ಟಿಸಿದಾಗ ಗೃಹಪ್ರವೇಶದ ದಿನವೇ ಅಡುಗೆಮನೆಯಲ್ಲಿ ನಿಂತು, ನೆಂಟರೆಲ್ಲರ ಎದುರು, "ಈ ಫರ್ಸಿ ಕೆಳಗ ಗಾಳಿ ಅದ, ಗೌಂಡಿ ನಿನಗ ಟೋಪಿ ಹಾಕ್ಯಾನ" ಎಂದರು. ನನಗೆ ಮೈಯೆಲ್ಲ ಉರಿದುಹೋಯಿತು. ವರ್ಷ ತುಂಬುವುದರೊಳಗೆ ಗ್ಯಾಸ್ ಸಿಲಿಂಡರ್ ಇಟ್ಟ ಜಾಗದಲ್ಲೇ ಆ ಕಲ್ಲು ಎರಡು ಹೋಳಾಯಿತು.

ಅವರಿಗೆ ಕಿವಿ ಕೇಳಿಸುತ್ತಿಲ್ಲ ಎಂಬುದನ್ನು ಕಂಡುಹಿಡಿದವಳು ನನ್ನ ಹೆಂಡತಿ. ಒಮ್ಮೆ ಊಟಕ್ಕೆ ಬಂದಿದ್ದಾಗ, ಬೆನ್ನ ಹಿಂದೆಯೇ ಕುಕ್ಕರ್ ಕೂಗಿದರೂ ಕಾಕಾ ಕದಲಲಿಲ್ಲವಂತೆ. ಕಲ್ಲು ಕೊಯ್ಯುವ ಯಂತ್ರಗಳ ನಡುವೆ ಕಳೆದ ಅಷ್ಟು ವರ್ಷಗಳು ಕಿವಿಯನ್ನೂ ಎದೆಯನ್ನೂ ತಿಂದಿದ್ದವು. ಮಾತಾಡುವವರ ತುಟಿ ನೋಡಿ ಉತ್ತರಿಸುತ್ತಿದ್ದರು. ಕೆಲಸ ಬಿಟ್ಟು ಎಂಟು ವರ್ಷವಾಗಿದ್ದರೂ ಖಣಿಯವರು ಅನುಮಾನ ಬಂದಾಗಲೆಲ್ಲ ಅವರನ್ನೇ ಕರೆದೊಯ್ಯುತ್ತಿದ್ದರು. ಅವರು ಹೇಳಿದ್ದು ಒಮ್ಮೆಯೂ ಹುಸಿಯಾಗಿರಲಿಲ್ಲ. ಕಿವಿ ಕೇಳದವರು ಅದು ಹೇಗೆ ಹೇಳುತ್ತಾರೆ ಎಂದು ನಾನು ಯೋಚಿಸಬೇಕಿತ್ತು. ಯೋಚಿಸಲಿಲ್ಲ.

ಮಗಳ ಹತ್ತನೆಯ ತರಗತಿ ಮುಗಿದ ಬೇಸಿಗೆಯಲ್ಲಿ ಪೂರ್ವ ಕರಾವಳಿಯ ಒಂದು ನಗರಕ್ಕೆ ಹೊರಟೆವು. ವಾಡಿಯಿಂದ ನೇರ ರೈಲು. "ಕಾಕಾ, ಸಮುದ್ರ ನೋಡಲಿಕ್ಕೆ ಬರ್ತೀರೇನು?" ಎಂದರೆ, "ನೀರ ಏನ್ ನೋಡೂದು? ಅಲ್ಲಿ ನೆಲಾ ಹ್ಯಾಂಗದ ನೋಡಬೇಕು" ಎಂದು ಒಂದೇ ಚೀಲ ಹಿಡಿದು ಸ್ಟೇಷನ್ನಿಗೆ ಬಂದುಬಿಟ್ಟರು. ಮೊದಲ ದಿನ ಮರಳಿನ ಮೇಲೆ ನಿಂತರು. ಅಲೆ ಬಂದು ಹೋದಾಗ ಅಂಗಾಲಿನ ಕೆಳಗಿನ ಮರಳು ಸರಿಯಿತು. ಕಾಕಾ ಹಾವು ತುಳಿದವರಂತೆ ಹಿಂದಕ್ಕೆ ಜಿಗಿದರು. ಮಗಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ಕಾಕಾ ನಗಲಿಲ್ಲ. "ಇದು ಕೆಳಗಿಂದ ತಿಂತದ," ಎಂದರು.

ಎರಡನೆಯ ಸಂಜೆಗೆ ಮಗಳು ಫೋನಿನಲ್ಲಿ ಸೆಗ್ವೇ ಸುತ್ತಾಟ ಬುಕ್ ಮಾಡಿದ್ದಳು. ಎರಡು ಚಕ್ರ, ನಡುವೆ ನಿಲ್ಲಲು ಒಂದು ಹಲಗೆ, ಎದೆಮಟ್ಟಕ್ಕೆ ಒಂದು ಹಿಡಿಕೆ. ಮುಂದಕ್ಕೆ ಬಾಗಿದರೆ ಹೋಗುತ್ತದೆ, ಹಿಂದಕ್ಕೆ ಒರಗಿದರೆ ನಿಲ್ಲುತ್ತದೆ. ನಾವು ನಾಲ್ವರು, ಜೊತೆಗೆ ಪರಊರಿನ ಗಂಡಹೆಂಡತಿ, ಮುಂದೆ ದಾರಿ ತೋರಿಸಲು ಒಬ್ಬ ತೆಲುಗು ಹುಡುಗಿ. ಹೆಲ್ಮೆಟ್ ಕಡ್ಡಾಯ, ಬೂಟು ಕಡ್ಡಾಯ. ಕಾಕಾ ಬೂಟಿಗೆ ಮಾತ್ರ ಒಪ್ಪಲಿಲ್ಲ. ಹುಟ್ಟೂರಿನ ಕಡೆಯ, ಸೇಡಂ ಗಡಿಯ ತೆಲುಗಿನಲ್ಲಿ ಅವಳನ್ನು ಮಾತಿಗೆಳೆದು, ಊರು ಯಾವುದು, ಅಪ್ಪ ಏನು ಮಾಡುತ್ತಾನೆ ಎಂದೆಲ್ಲ ಕೇಳಿ, ಕೊನೆಗೆ ಬರಿಗಾಲಿನಲ್ಲೇ ಹತ್ತಿದರು. "ತಾತಾ, ಜಾಗ್ರತ್ತ!" ಎಂದು ಅವಳು ಹೇಳುವಷ್ಟರಲ್ಲಿ ಒಂದು ಸುತ್ತು ಹಾಕಿ ಬಂದಿದ್ದರು. ನಾನು ಎರಡು ಸಲ ಗೋಡೆಗೆ ಗುದ್ದಿದೆ. "ಏ ರೈಲ್ವೇದಾಂವ, ಹಳಿ ಇಲ್ಲಂದ್ರ ನಿನಗ ನಡೀಲಿಕ್ಕೂ ಬರಂಗಿಲ್ಲೇನೋ?" ಎಂದು ಕಾಕಾ ಕಾಲೆಳೆದರು. ಆ ಅರ್ಧ ಗಂಟೆಯಲ್ಲಿ ನಕ್ಕಷ್ಟು ಅವರು ಯಾವತ್ತೂ ನಕ್ಕಿದ್ದನ್ನು ನಾನು ನೋಡಿದ್ದಿಲ್ಲ.

ಬಂದರಿನ ಹಳೆಯ ಗೋದಾಮು, ಮೀನು ಇಳಿಸುವ ಕಟ್ಟೆ ದಾಟಿ, ಸಮುದ್ರದ ಗೋಡೆಯ ಮೇಲೆ ಹೊಸದಾಗಿ ಮಾಡಿದ್ದ ಕಾಲುದಾರಿಗೆ ಬಂದೆವು. ಅದರ ಕೊನೆಯಲ್ಲಿ ಲೈಟ್‌ಹೌಸ್. ಅದರ ದೀಪ ಹತ್ತುವುದನ್ನು ಅಲ್ಲಿಂದಲೇ ನೋಡುವುದು ಈ ಸುತ್ತಾಟದ ಮುಖ್ಯ ಆಕರ್ಷಣೆ. ದಾರಿಗೆಲ್ಲ ಬೂದು ಬಣ್ಣದ ಕಲ್ಲು ಹಾಸಿದ್ದರು. "ನಮ್ಮ ಫರ್ಸಿ ಅವ ನೋಡು ತಮ್ಮಾ!" ಎಂದು ಕಾಕಾ ಕೂಗಿದರು. ಮದುವೆ ಮಾಡಿ ಕೊಟ್ಟ ಮಗಳನ್ನು ಬೇರೆ ಊರಿನಲ್ಲಿ ಕಂಡಷ್ಟು ಸಂತೋಷ ಅವರ ಮುಖದಲ್ಲಿತ್ತು.

ಸುಮಾರು ನೂರು ಹೆಜ್ಜೆ ಹೋಗಿರಬೇಕು. ಅವರ ಬಂಡಿ ನಿಂತಿತು. ಮೆಲ್ಲಗೆ ಹಿಂದಕ್ಕೆ ಸರಿಯಿತು. ಕಾಕಾ ಕೆಳಗಿಳಿದು ಹಿಮ್ಮಡಿಯಿಂದ ಒಂದು ಕಲ್ಲನ್ನು ಗುದ್ದಿದರು, ಪಕ್ಕದ್ದನ್ನು ಗುದ್ದಿದರು, ಕಣ್ಣು ಮುಚ್ಚಿ ನಿಂತರು. ತೆರೆದವರೇ ನನ್ನ ಮಗಳ ಮುಂಗೈ ಹಿಡಿದುಕೊಂಡರು.

"ಇಳಿ ನನ್ನವ್ವ. ಹಿಂದ ಬಾ."

"ಯಾಕ ಮುತ್ಯಾ?"

"ಬಾ ಅಂದ್ರ ಬಾ."

ಮುಂದೆ ಹೋಗಿದ್ದ ಹುಡುಗಿ ತಿರುಗಿ ಬಂದಳು. "ಕಿಂದ ಖಾಳೀಗಾ ಉಂದಿ ತಲ್ಲೀ," ಎಂದರು ಕಾಕಾ. ಕೆಳಗೆ ಖಾಲಿ ಇದೆ ತಾಯಿ ಅಂತ. ಅವಳು ನಕ್ಕು, ತಾನು ದಿನಕ್ಕೆ ಎರಡು ಸಲ ಇದೇ ಕಲ್ಲಿನ ಮೇಲೆ ಜನರನ್ನು ಕರೆದೊಯ್ಯುತ್ತೇನೆ ಎಂದಳು. ಕಾಕಾ ದಾರಿಗೆ ಅಡ್ಡಲಾಗಿ ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟರು. ಮಗಳ ಕೈ ಬಿಡಲಿಲ್ಲ.

ಒಂದು ಮಾತು ಇಲ್ಲಿಯವರೆಗೆ ಯಾರಿಗೂ ಹೇಳಿಲ್ಲ. ಎಂಜಿನ್ ಸದ್ದಿಲ್ಲದ ಆ ಬಂಡಿಗಳು ಸುಮ್ಮನೆ ನಿಂತಿದ್ದಾಗ ಅಲೆ ಗೋಡೆಗೆ ಬಡಿದದ್ದು ನನಗೆ ಕೇಳಿಸಿತು. ಒಂದು ಉಸಿರಿನಷ್ಟು ಹೊತ್ತು ಬಿಟ್ಟು ಇನ್ನೊಂದು ಸದ್ದು ಕೇಳಿಸಿತು. ಅದು ಗೋಡೆಯ ಆಚೆಯದಲ್ಲ. ನನ್ನ ಕಾಲ ಕೆಳಗಿನದು.

ಕೇಳಿಸಿದರೂ ನಾನು ಸುಮ್ಮನಿದ್ದೆ. ಕತ್ತಲಾಗುತ್ತಿತ್ತು. ಪರಊರಿನವನು ಗಡಿಯಾರ ನೋಡಿ, ಈ ಮುದುಕನಿಂದ ದೀಪ ಹತ್ತುವುದು ತಪ್ಪಿಹೋಗುತ್ತದೆ ಎಂದು ಹಿಂದಿಯಲ್ಲಿ ಗೊಣಗಿದ. ಅವನ ಹೆಂಡತಿ ಕಾಕಾನ ಕಾಲು ನೋಡಿ ಮುಖ ತಿರುಗಿಸಿದಳು. ನನಗೆ ಎಲ್ಲಿಲ್ಲದ ನಾಚಿಕೆ. ಕೆಂಪು ದೀಪ ಕಂಡರೆ ರೈಲು ನಿಲ್ಲಬೇಕು ಎನ್ನುವುದರ ಮೇಲೆಯೇ ಹೊಟ್ಟೆ ಹೊರೆಯುವ ನಾನು, ಬಾಗಿ, ಅವರ ಕಿವಿಯ ಹತ್ತಿರ, ಇಡೀ ಕಡಲತೀರಕ್ಕೆ ಕೇಳಿಸುವಂತೆ ಒದರಿದೆ:

"ಕಾಕಾ, ನಿಮಗ ಕಿವೀನೇ ಕೇಳಂಗಿಲ್ಲ! ಕುಕ್ಕರ್ ಒದರಿದ್ದು ಕೇಳಂಗಿಲ್ಲ, ಇನ್ನ ಕಲ್ಲ ಏನ್ ಕೇಳ್ತದ ನಿಮಗ?"

ಕಾಕಾ ನನ್ನ ತುಟಿ ನೋಡುತ್ತಿದ್ದರು. ಒಂದೊಂದು ಮಾತೂ ತಲುಪಿತು. ಮಗಳ ಮುಂಗೈ ಮೇಲಿನ ಬೆರಳುಗಳು ಸಡಿಲವಾದವು. ನೆಲಕ್ಕೆ ಕೈಯೂರಿ ಎದ್ದು, ಪಕ್ಕಕ್ಕೆ ಸರಿದು, ದಾರಿ ಬಿಟ್ಟರು.

ನಾವು ದಾಟಿದೆವು. ಮೊದಲು ದಾರಿ ತೋರಿಸುವ ಹುಡುಗಿ, ಹಿಂದೆ ಆ ಗಂಡಹೆಂಡತಿ, ಆಮೇಲೆ ನನ್ನ ಹೆಂಡತಿ, ನಾನು, ಕೊನೆಗೆ ಮಗಳು. ಹಲಗೆಯ ಕೆಳಗೆ ಸದ್ದು ಬದಲಾಯಿತೋ ಏನೋ, ನಾನು ಕಿವಿಗೊಡಲಿಲ್ಲ. ಏನೂ ಆಗಲಿಲ್ಲ. ಕಾಕಾ ಬಂಡಿ ಅಲ್ಲೇ ಬಿಟ್ಟು, ಮುಖ್ಯ ರಸ್ತೆಯಿಂದ ಸುತ್ತಿ, ಬರಿಗಾಲಿನಲ್ಲಿ ನಡೆದು ಬಂದರು. ಅಷ್ಟರಲ್ಲಿ ದೀಪ ಹತ್ತಿ ಆಗಿತ್ತು. ಬಂದವರೇ ನಮ್ಮನ್ನು ಒಬ್ಬೊಬ್ಬರನ್ನಾಗಿ ಬೆರಳು ಮಾಡಿ ಎಣಿಸಿದರು, ಹುಡುಗಿಯನ್ನೂ ಆ ಪರಊರಿನವರನ್ನೂ ಸೇರಿಸಿ. 

ಆ ದಾರಿ ಮುಂದೆ ಬಿತ್ತೋ ಇಲ್ಲವೋ ನನಗೆ ಗೊತ್ತಿಲ್ಲ. ವಿಚಾರಿಸುವ ಧೈರ್ಯ ನನಗಿಲ್ಲ.

ಊರಿಗೆ ಬಂದ ಮೇಲೆ ಕಾಕಾ ನಮ್ಮ ಮನೆಗೆ ಎರಡು ಸಲ ಬಂದರು. ಎರಡೂ ಸಲ ಹೊಸ್ತಿಲು ದಾಟಿ ಸುಮ್ಮನೆ ಕುರ್ಚಿಯ ಮೇಲೆ ಕೂತರು. ನೆಲ ಗುದ್ದಲಿಲ್ಲ. ಹೆಂಡತಿ ನನ್ನ ಮುಖ ನೋಡಿದಳು. ನಾನು ಪೇಪರ್ ಓದುತ್ತಿದ್ದೆ.

ಚಳಿಗಾಲದಲ್ಲಿ ಶಹಾಬಾದದಿಂದ ಈಗಿನ ಮೇಸ್ತ್ರಿ ನನ್ನನ್ನು ಹುಡುಕಿಕೊಂಡು ಸ್ಟೇಷನ್ನಿಗೆ ಬಂದ. ಮೂವತ್ತರ ಆಸುಪಾಸಿನವನು, ಕಾಕಾನ ಕೈಕೆಳಗೆ ಕಲಿತವನು. ಉತ್ತರದ ದಂಡೆಯ ಮೇಲೆ ಅವನಿಗೆ ಅನುಮಾನ ಬಂದು ಕಾಕಾನನ್ನು ಕರೆದನಂತೆ. "ಬರಾಂಗಿಲ್ಲ ಅನ್ನಲಿಕತ್ಯಾರ್ರಿ. ನನಗ ಕಿವಿ ಕೇಳಂಗಿಲ್ಲಪಾ, ರೈಲ್ವೇದಾಂವ ಹೇಳ್ಯಾನ, ಅಂತಾರ. ನೀವೇ ಒಂದ್ ಮಾತ ಹೇಳ್ರಿ, ನಿಮ್ಮ ಮಾತ ಮೀರಂಗಿಲ್ಲ ಅವರು."

ನಾನು ಕೂಡಲೇ ಹೋಗಲಿಲ್ಲ. ಡ್ಯೂಟಿಯ ನೆಪದಲ್ಲಿ ಎರಡು ಭಾನುವಾರ ಕಳೆದೆ. ಮೂರನೆಯ ಭಾನುವಾರ ಹೋದಾಗ ಕಾಕಾ ತಮ್ಮ ತಂಗಿಯ ಮನೆಯ ಕಟ್ಟೆಯ ಮೇಲೆ ಬಿಸಿಲು ಕಾಯಿಸುತ್ತ ಕೂತಿದ್ದರು. ಎದೆ ಗೊರಗೊರ ಎನ್ನುತ್ತಿತ್ತು. "ತಪ್ಪಾಯ್ತು ಕಾಕಾ," ಎಂದೆ. ತುಟಿ ನೋಡಿದರು, ತಲೆ ಆಡಿಸಿದರು, ಎದ್ದು ನನ್ನ ಬೈಕಿನ ಹಿಂದೆ ಕೂತರು.

ಉತ್ತರದ ದಂಡೆಯ ಮೇಲೆ ಚಪ್ಪಲಿ ಬಿಟ್ಟು ನಿಂತರು. ಮೇಸ್ತ್ರಿ ಹಾರೆಯಿಂದ ಗುದ್ದಿದ. ಕಣ್ಣು ಮುಚ್ಚಿ, ಕಾಲು ಎತ್ತಿ, ಮತ್ತೆ ಇಟ್ಟರು. ಮತ್ತೊಮ್ಮೆ ಎತ್ತಿ ಇಟ್ಟರು. ಖಣಿಯ ಮಾಲೀಕನೂ ಬಂದು ಕಾಯುತ್ತಿದ್ದ. ಬಹಳ ಹೊತ್ತಾದ ಮೇಲೆ ಕಾಕಾ ಕಣ್ಣು ತೆರೆದು ನನ್ನ ಕಡೆ ತಿರುಗಿದರು. 

"ನನಗ ತಿಳೀಲಿಲ್ಲ ತಮ್ಮಾ. ಕಿವೀಲೆ ನಾ ಯಾವತ್ತೂ ಕೇಳಿಲ್ಲ, ಕೇಳಿದ್ದೆಲ್ಲಾ ಕಾಲೀಲೆ. ಈಗ ಕಾಲ ಇಟ್ರ ನೀ ಒದರಿದ್ದೇ ಕೇಳಸ್ತದ."

ನಾನು ಅಲ್ಲೇ ಕುಸಿದು ಅವರ ಪಾದ ಹಿಡಿದುಕೊಂಡೆ. ತಣ್ಣಗಿದ್ದವು. ಕಾಕಾ ನನ್ನ ತಲೆ ಸವರಿ, ಮೇಸ್ತ್ರಿಯ ಕಡೆ ತಿರುಗಿ, "ತಿಳೀಲಿಲ್ಲಂದ್ರ ಇಳೀಬ್ಯಾಡ್ರಿ," ಎಂದರು. ಮಾಲೀಕ ಮೊದಲಿನ ಮಾತನ್ನಷ್ಟೇ ಕೇಳಿಸಿಕೊಂಡ. ಮುದುಕನಿಗೇ ಏನೂ ತಿಳಿಯಲಿಲ್ಲ, ಅಂದ ಮೇಲೆ ಏನೂ ಇಲ್ಲ ಎಂದು ಎಲ್ಲರಿಗೂ ಸಾರಿದ. ಮರುದಿನದಿಂದ ಆ ಕಡೆ ಕೆಲಸ ಶುರುವಾಯಿತು, ಏನೂ ಬೀಳದಿದ್ದುದನ್ನು ಕಂಡು ಮೇಸ್ತ್ರಿಯ ಅನುಮಾನವೂ ಕರಗಿತು.

ಕಾಕಾ ಶಿವರಾತ್ರಿಗೆ ಮುಂಚೆ ತೀರಿಕೊಂಡರು. ಎದೆಯೊಳಗಿನ ಕಲ್ಲಿನ ಪುಡಿ ಉಸಿರು ಬಿಗಿಯಿತು ಎಂದರು ಡಾಕ್ಟರು. ನನ್ನ ಅಪ್ಪನನ್ನು ಇಪ್ಪತ್ತೆಂಟು ವರ್ಷ ನನಗೆ ಉಳಿಸಿಕೊಟ್ಟವರಿಗೆ ನಾನು ಕೊಟ್ಟದ್ದು ಏನು ಎಂಬುದು ನನಗೆ ಗೊತ್ತಿದೆ. ಅವರಿಗೂ ಗೊತ್ತಿತ್ತು. ಆದರೂ ಕೊನೆಯ ದಿನ ನನ್ನ ಮಗಳ ಕೈ ಹಿಡಿದುಕೊಂಡು, "ಹುಷಾರಿಲೆ ನಡೀವ್ವಾ" ಎಂದು ಎರಡೆರಡು ಸಲ ಹೇಳಿದರು.

ಮಣ್ಣು ಮಾಡಿ ಬಂದ ಮರುದಿನ ನಾನು ರಜೆ ಹಾಕಿ ಖಣಿಗೆ ಹೋದೆ. ಜನ ಬುತ್ತಿ ಇಟ್ಟು ಇಳಿಯಲು ಸಿದ್ಧರಾಗುತ್ತಿದ್ದರು. ಮೇಸ್ತ್ರಿಯ ತೋಳು ಹಿಡಿದು, ಈ ಉತ್ತರದ ದಂಡೆಯ ಕೆಳಗೆ ಯಾರನ್ನೂ ಇಳಿಸಬೇಡ, ಕಾಕಾ ಬೇಡ ಎಂದಿದ್ದರು, ಅವರ ಕಾಲು ಯಾವತ್ತೂ ಸುಳ್ಳು ಹೇಳಿದ್ದಿಲ್ಲ ಎಂದು ಒಂದೇ ಉಸಿರಿಗೆ ಹೇಳಿದೆ. ಅವನು ನನ್ನನ್ನು ವಿಚಿತ್ರವಾಗಿ ನೋಡಿದ. ಅವನ ದನಿಯಲ್ಲಿ ಕೊಂಕು ಇರಲಿಲ್ಲ, ನಿಜವಾದ ಗೊಂದಲವಿತ್ತು.

"ಮುದುಕಗ ಕೇಳಂಗಿಲ್ಲ ಅಂತ ನೀವೇ ಅಂದೀರಂತಲ್ಲರಿ?"

ತೋಳು ಮೆಲ್ಲಗೆ ಬಿಡಿಸಿಕೊಂಡು ಅವನು ಇಳಿದ. ಅವನ ಹಿಂದೆ ಉಳಿದವರೂ ಒಬ್ಬೊಬ್ಬರಾಗಿ ಇಳಿದರು.