ಅಪ್ಪನ ಕಡೆಯ ಮರೆವು

ಹೊಳೆನರಸೀಪುರದ ಪೇಟೆಯಲ್ಲಿ ನಮ್ಮದೊಂದು ಔಷಧಿ ಅಂಗಡಿಯಿತ್ತು. ತೊಂಬತ್ತರ ದಶಕದ ಕೊನೆಯಲ್ಲಿ ಫಾರ್ಮಸಿ ಡಿಪ್ಲೊಮಾ ಮುಗಿಸಿ ನಾನೂ ಅಪ್ಪನ ಪಕ್ಕ ನಿಂತೆ. ಯಾವ ಡಾಕ್ಟರ ಗೀಚುಬರಹವಾದರೂ ಅಪ್ಪ ಸಲೀಸಾಗಿ ಓದುತ್ತಿದ್ದರು. ಅರವತ್ತೈದು ದಾಟಿದ ಮೇಲೆ ಒಂದೇ ಗಿರಾಕಿಯನ್ನು ಎರಡೆರಡು ಸಲ "ಏನ್ ಬೇಕು?" ಎಂದು ಕೇಳತೊಡಗಿದರು. ವಯಸ್ಸಾಯಿತು ಎಂದು ಸುಮ್ಮನಾಗಬಹುದಿತ್ತು. ಆದರೆ ಚನ್ನರಾಯಪಟ್ಟಣದಲ್ಲಿದ್ದ ಅಪ್ಪನ ಅಕ್ಕ, ನಮ್ಮ ದೊಡ್ಡತ್ತೆ, ಕೊನೆಗಾಲದಲ್ಲಿ ಹೆತ್ತ ಮಗನನ್ನೇ "ಯಾವೂರಪ್ಪ ನಿಂದು?" ಎಂದು ಕೇಳುತ್ತಿದ್ದರು. ಅದಕ್ಕೂ ಮುಂಚೆ ಅಪ್ಪನ ತಾಯಿಗೂ ಹಾಗೇ ಆಗಿತ್ತಂತೆ. ಮನೆಯಲ್ಲಿ ಈ ಮಾತನ್ನು ಯಾರೂ ಎತ್ತುತ್ತಿರಲಿಲ್ಲ.

ಒಂದು ಮಧ್ಯಾಹ್ನ ನಾನು ಊಟ ಮುಗಿಸಿ ಅಂಗಡಿಗೆ ಬಂದಾಗ ಕೌಂಟರ್ ಮೇಲೆ ಅರ್ಧ ಕತ್ತರಿಸಿದ ಮಾತ್ರೆ ಪಟ್ಟಿ ಬಿದ್ದಿತ್ತು. ಸಕ್ಕರೆ ಇಳಿಸುವ ಮಾತ್ರೆ.

"ಯಾರಿಗೆ ಕೊಟ್ರಿ ಇದನ್ನ?"

"ಅರಕಲಗೂಡು ಕಡೆಯ ಒಂದು ಅಜ್ಜಿ. ಹೊಟ್ಟೆ ಉರಿ ಅಂದ್ಲು, ಗ್ಯಾಸಿನ ಮಾತ್ರೆ ಕೊಟ್ಟೆ."

ನಾನು ಪಟ್ಟಿಯನ್ನು ಅವರ ಕಣ್ಣಿನ ಮುಂದೆ ಹಿಡಿದೆ. ಅಪ್ಪ ಓದಿದರು. "ನೀಲಿ ಸೀರೆ. ಬಸ್ ಸ್ಟ್ಯಾಂಡಿಗೆ ಹೋದ್ಲು. ಓಡು!"

ಪಕ್ಕದ ಅಂಗಡಿಯವರ ಸ್ಕೂಟರ್ ಹತ್ತಿ ನಾನು ಹೋಗುವಷ್ಟರಲ್ಲಿ ಬಸ್ಸು ಹೊರಟಿತ್ತು. ಊರಾಚೆ ಜನ ಹತ್ತಿಸಿಕೊಳ್ಳಲು ನಿಂತಿದ್ದರಿಂದ ಸಿಕ್ಕಿತು. ಕಿಟಕಿ ಪಕ್ಕ ನೀಲಿ ಸೀರೆ ಕಂಡಿತು.

"ಅಜ್ಜಿ, ಮಾತ್ರೆ ನುಂಗಿದ್ರಾ?"

"ಊಂ ಕಣವ್ವ, ಒಂದ್ ನುಂಗ್ದೆ. ಬೆಳಗ್ಗಿಂದ ಏನೂ ತಿಂದಿಲ್ಲ, ಒಟ್ಟೆ ಉರೀತಿತ್ತು."

ಖಾಲಿ ಹೊಟ್ಟೆ! ಕಂಡಕ್ಟರ್ ಬೈಯುತ್ತಿದ್ದರೂ ಆಕೆಯನ್ನು ಇಳಿಸಿಕೊಂಡು ಹತ್ತಿರದ ಡಾಕ್ಟರ ಕ್ಲಿನಿಕ್ಕಿಗೆ ಕರೆದೊಯ್ದೆ. ಆಗಲೇ ಅಜ್ಜಿಗೆ ಬೆವರು ಕಿತ್ತುಕೊಂಡಿತ್ತು, ಕೈ ನಡುಗುತ್ತಿತ್ತು. ಮೊದಲು ಸಕ್ಕರೆ ನೀರು ಕುಡಿಸಿದರು, ಆಮೇಲೆ ಗ್ಲೂಕೋಸ್ ಹಾಕಿದರು. ಅಪ್ಪ ಅಂಗಡಿಯ ಬಾಗಿಲೆಳೆದು ಬಂದು ಮಂಚದ ಕಾಲ ಬಳಿ ನಿಂತರು. ಕೂರಿ ಎಂದರೂ ಕೂರಲಿಲ್ಲ. ಸಂಜೆ ಅಜ್ಜಿ ಎದ್ದು ಕುಳಿತು ಕಾಫಿ ಕೇಳಿದಾಗ ಅಪ್ಪ ಹೊರಗೆ ಹೋಗಿ ಗೋಡೆಗೆ ಮುಖ ಮಾಡಿ ನಿಂತರು.

"ಅಮ್ಮಂಗೂ ಇಂಗೇ ಶುರುವಾಯ್ತು. ಅಕ್ಕಂಗೂ ಇಂಗೇ," ಎಂದರು. ಅವರ ಬಾಯಲ್ಲಿ ಆ ಮಾತು ಕೇಳಿದ್ದು ಅದೇ ಮೊದಲು.

ಮುಂದಿನ ವಾರ ಹಾಸನದಲ್ಲಿ ನರರೋಗದ ಡಾಕ್ಟರಿಗೆ ತೋರಿಸಿದೆವು. ಅವರು ಮೂರು ಪದ ಹೇಳಿ ನೆನಪಿಟ್ಟುಕೊಳ್ಳಲು ತಿಳಿಸಿದರು. ಬೇರೆ ಮಾತಾಡಿಸಿ ಆಮೇಲೆ ಕೇಳಿದಾಗ ಅಪ್ಪನಿಗೆ ಒಂದೇ ನೆನಪಿತ್ತು. ಉಳಿದವು ನನ್ನ ಬಾಯಲ್ಲೇ ಇದ್ದವು, ಹೇಳುವಂತಿರಲಿಲ್ಲ.

"ಇದು ನಿಮ್ಮ ಅಕ್ಕನವರಿಗಿದ್ದಷ್ಟು ದೊಡ್ಡ ಕಾಯಿಲೆ ಅಲ್ಲ," ಎಂದರು ಡಾಕ್ಟರು. "ವಯಸ್ಸಿಗೆ ಮೀರಿದ ಮರೆವು. ಕೆಲವರಿಗೆ ಮುಂದೆ ಹೆಚ್ಚಾಗುತ್ತೆ, ಕೆಲವರು ಇಲ್ಲೇ ನಿಲ್ತಾರೆ."

ಅಪ್ಪ ನನ್ನತ್ತ ಕೈ ತೋರಿಸಿದರು. "ಇವಳಿಗೂ ಬತ್ತದಾ ಸಾ?"

ಡಾಕ್ಟರು ಪೆನ್ನು ಕೆಳಗಿಟ್ಟು ನನ್ನ ಕಡೆ ತಿರುಗಿದರು.

"ರಕ್ತಸಂಬಂಧದಲ್ಲಿ ಬರೋ ಒಂದು ಜೀನ್ ಇದೆ. ಅದಿದ್ರೆ ಅಪಾಯ ಹೆಚ್ಚು. ಆದ್ರೆ ಇದ್ದೋರಿಗೆಲ್ಲ ಮರೆವು ಬರಲ್ಲ, ಇಲ್ದೋರಿಗೆ ಬರೋದೇ ಇಲ್ಲ ಅಂತಾನೂ ಇಲ್ಲ. ರಕ್ತ ಬೆಂಗಳೂರಿಗೆ ಕಳಿಸಿ ನೋಡಿಸಬಹುದು. ಗೊತ್ತಾದ್ರೂ ಅದಕ್ಕೆ ಅಂತ ಔಷಧಿ ಇಲ್ಲ."

ವಾಪಸು ಬರುವ ಬಸ್ಸಿನಲ್ಲಿ ಜಗಳವಾಯಿತು. ಅಪ್ಪನಿಗೆ ತಮ್ಮ ರಕ್ತದ ಪರೀಕ್ಷೆ ಆಗಲೇಬೇಕು. ನನಗೆ ಬೇಡ.

"ರಕ್ತ ನಂದು. ನಿಂಗೇನು ಭಯ?"

"ನಿಮ್ಮಲ್ಲಿ ಇದೆ ಅಂತ ಗೊತ್ತಾದ್ರೆ ನನ್ನಲ್ಲೂ ಇರಬಹುದು ಅಂತ ಗೊತ್ತಾದಂಗೆ ಅಲ್ವಾ ಅಪ್ಪ?"

"ಎಕ್ಸ್‌ಪೈರಿ ಡೇಟ್ ನೋಡ್ದೆ ಮಾತ್ರೆ ಮಾರ್ತೀಯೇನೇ ನೀನು?"

"ಈ ಪರೀಕ್ಷೇಲಿ ಡೇಟ್ ಬರ್ದಿರಲ್ಲ. ಬರಬಹುದು ಅಂತಷ್ಟೇ ಇರುತ್ತೆ. ಅದನ್ನ ಇಟ್ಕೊಂಡು ನಾನು ಏನ್ ಮಾಡ್ಲಿ?"

ಊರು ಬಂತು. ಇಳಿದ ಮೇಲೆ ಅಪ್ಪ, "ಆಯ್ತು, ಬಿಡು," ಎಂದರು. ರಕ್ತ ಕೊಡಲಿಲ್ಲ. ಮಾರನೆಯ ದಿನ ಅಂಗಡಿಯ ಬಾಗಿಲು ಅವರೇ ತೆಗೆದರು, ಆದರೆ ಕೌಂಟರಿನೊಳಗೆ ಬರಲಿಲ್ಲ. ಗಿರಾಕಿಗಳ ಬೆಂಚಿನ ಮೇಲೆ ಕೂತರು. ಯಾರಾದರೂ ಚೀಟಿ ಚಾಚಿದರೆ "ನಮ್ಮ ಹುಡುಗಿಗೆ ಕೊಡಿ," ಎನ್ನುತ್ತಿದ್ದರು. ಆ ಮಾತು ಕೇಳಿದಾಗಲೆಲ್ಲ ನನಗೆ ಸಂಕಟವಾಗುತ್ತಿತ್ತು.

ಅಪ್ಪನ ಮರೆವು ಅಲ್ಲೇ ನಿಂತಿತು. ಬಿ.ಪಿ. ಮಾತ್ರೆ ತಪ್ಪಿಸಲಿಲ್ಲ, ದಿನಾ ಹೊಳೆಯ ಕಡೆ ನಡೆದು ಬರುತ್ತಿದ್ದರು. ಅದರಿಂದಲೋ, ಅದೃಷ್ಟದಿಂದಲೋ, ಹೇಳಲಾರೆ. ಹೆಸರುಗಳು ತಪ್ಪಿದವು, ಮುಖಗಳು ತಪ್ಪಲಿಲ್ಲ. ಕೆಲವು ವರ್ಷಗಳ ಬಳಿಕ ಹೃದಯಾಘಾತದಿಂದ ಹೋದರು. ಹೋಗುವ ದಿನ ಬೆಳಿಗ್ಗೆಯೂ ನನ್ನನ್ನು ಹೆಸರು ಹಿಡಿದೇ ಕರೆದಿದ್ದರು.

ಈಗ ನನಗೂ ಐವತ್ತು ದಾಟಿದೆ. ಪರೀಕ್ಷೆ ಈಗ ಸುಲಭವಂತೆ. ನಾನು ಮಾಡಿಸಿಲ್ಲ. ಕೌಂಟರಿನಲ್ಲಿ ಒಂದೊಂದು ಸಲ ಔಷಧಿಯ ಹೆಸರು ಹೊಳೆಯುವುದಿಲ್ಲ. ಆಗ ಚೀಟಿಯನ್ನು ಇನ್ನೊಮ್ಮೆ ಓದಿ, ಪಟ್ಟಿಯ ಮೇಲಿನ ಅಕ್ಷರಗಳನ್ನು ಬೆರಳಿಟ್ಟು ನೋಡಿಯೇ ಕತ್ತರಿ ಹಾಕುತ್ತೇನೆ.