ಸುಟ್ಟ ಮನೆಯ ಬಾಡಿಗೆ

ಕಾಶಿಯ ಅಸ್ಸಿ ಘಾಟಿನ ಓಣಿಯೊಂದರಲ್ಲಿ ಕರ್ನಾಟಕದ ಯಾತ್ರಿಕರಿಗೆ ರೊಟ್ಟಿ ಊಟ ಮಾಡಿಹಾಕುತ್ತಿದ್ದ ಕಾಮಾಕ್ಷಿಗೆ ಒಂದು ಕಡೆ ಕೂತು ಗೊತ್ತೇ ಇರಲಿಲ್ಲ. ಗಂಡ ಲೋಕನಾಥ್‌ಗೆ ರೈಲ್ವೆಯಲ್ಲಿ ವರ್ಗವಾಗಿ ಹಾವೇರಿಯಿಂದ ಬಂದವಳು, ಅವನು ನಿವೃತ್ತನಾದ ಮೇಲೂ ಕಾಶಿ ಬಿಡಲಿಲ್ಲ. ಊಟದಿಂದ ಬಂದದ್ದನ್ನೇ ಕೂಡಿಸಿ, ಗಂಗೆಯಾಚೆಯ ರಾಮನಗರ ದಾಟಿ ಮಹುವಾಪುರವೆಂಬ ಹಳ್ಳಿಯಲ್ಲಿ ಒಂದೇ ಸಾಲಿಗೆ ಮೂರು ಮನೆ ಕಟ್ಟಿಸಿ ಬಾಡಿಗೆಗೆ ಕೊಟ್ಟಿದ್ದಳು. ಒಂದರಲ್ಲಿ ನೇಕಾರ ಬದರಿ ಹೆಂಡತಿ ಮಕ್ಕಳೊಂದಿಗೆ ಇದ್ದ. ಇನ್ನೊಂದರಲ್ಲಿ ಹಾಲು ಮಾರುವವರ ಸಂಸಾರ. ಮೂರನೆಯದರಲ್ಲಿದ್ದ ಶಾಲೆಯ ಮೇಷ್ಟ್ರು ವರ್ಗವಾಗಿ ಹೋದ ಮೇಲೆ ಅದಕ್ಕೆ ಬೀಗ ಬಿದ್ದಿತ್ತು.

ಗೋಧಿ ಕೊಯ್ಲಿನ ಹೊತ್ತಿನಲ್ಲಿ, ಬಿಸಿಗಾಳಿ ರಪರಪನೆ ಬೀಸುತ್ತಿದ್ದ ಒಂದು ಮಧ್ಯಾಹ್ನ, ಪಕ್ಕದ ಹಳ್ಳಿಯಲ್ಲಿ ಒಂದು ಮನೆ ಸುಟ್ಟಿತು. ಹೊಲದ ಕೂಳೆಗೆ ಯಾರೋ ಹಚ್ಚಿದ ಬೆಂಕಿ ಗಾಳಿಯೊಂದಿಗೆ ಬಂದಿತ್ತು. ಪೇಟೆಯಿಂದ ಅಗ್ನಿಶಾಮಕದ ಗಾಡಿ ಬಂದು ಮುಟ್ಟುವಷ್ಟರಲ್ಲಿ ಉಳಿದದ್ದು ಗೋಡೆ ಮಾತ್ರ. ಆ ಮನೆಯ ಯಜಮಾನ ವಿಮೆಯನ್ನೇನೋ ಮಾಡಿಸಿದ್ದ. ಆದರೆ ತಾನೇ ವಾಸವಾಗಿದ್ದೇನೆ ಎಂದು ಬರೆಸಿದ್ದ, ಇದ್ದವರು ಬಾಡಿಗೆಯವರು. ಕಂಪನಿಯವರು ಅದನ್ನೇ ಹಿಡಿದು ಹಣ ಕೊಡದೆ ಕೂತಿದ್ದಾರೆ ಎಂಬ ಸುದ್ದಿಯನ್ನು ಬದರಿಯೇ ಫೋನಿನಲ್ಲಿ ಹೇಳಿದ.

ಅಂದಿನಿಂದ ಕಾಮಾಕ್ಷಿಯ ಮೈಯಲ್ಲಿ ಏನೋ ಹೊಕ್ಕಂತಾಯಿತು. ರೊಟ್ಟಿ ಬಡಿಯುತ್ತ ಬಡಿಯುತ್ತ ಎದ್ದುಹೋಗಿ ಗ್ಯಾಸಿನ ಕೊಳವೆ ಸೋರುತ್ತಿದೆಯೇ ಎಂದು ನೋಡುವಳು. ಮಣಿಕರ್ಣಿಕೆಯ ಚಿತೆಗಳಿಂದ ಏಳುವ ಹೊಗೆಯನ್ನು ಇಷ್ಟು ವರ್ಷ ಕಂಡೂ ಕಾಣದಂತಿದ್ದವಳು, ಈಗ ಅದು ಕಣ್ಣಿಗೆ ಬಿದ್ದರೆ ಸಾಕು, ಮಹುವಾಪುರವನ್ನು ನೆನೆಯುವಳು.

ಕಂಟೋನ್ಮೆಂಟಿನ ಬ್ಯಾಂಕಿನಲ್ಲಿ ಕೆಲಸಕ್ಕಿದ್ದ ಧಾರವಾಡದ ಗುರುದತ್ತ ಭಾನುವಾರ ಊಟಕ್ಕೆ ಬಂದಾಗ, ತಟ್ಟೆ ಮುಂದಿಡುತ್ತಲೇ ವಿಮೆಯ ಮಾತೆತ್ತಿ ಹಿಡಿದುಕೊಂಡಳು.

"ಅಕ್ಕಾರ, ಮೊದ್ಲ ಒಂದು ರೊಟ್ಟಿ ತಿನ್ನಾಕ ಬಿಡ್ರಿ," ಎಂದು ನಕ್ಕ ಅವನು. ತಿನ್ನುತ್ತಲೇ ಬಿಡಿಸಿ ಹೇಳಿದ. "ಜಾಗದ ಬೆಲೆ ಹಿಡಿಬ್ಯಾಡ್ರಿ, ಜಾಗ ಸುಡೂದಿಲ್ಲ. ಮನಿ ಮತ್ತ ಕಟ್ಟಬೇಕಂದ್ರ ಏನು ಬೀಳ್ತದ, ಅಷ್ಟಕ್ಕ ಮಾಡಸ್ರಿ. ಬಾಡಿಗಿ ಮನಿ ಅಂತ ಬಾಯಿಬಿಟ್ಟು ಹೇಳ್ರಿ. ಒಂದು ಮನಿ ಖಾಲಿ ಬಿದ್ದದಲ್ಲ, ಅದನ್ನೂ ತಿಳಸ್ರಿ. ಮನಿ ಸುಟ್ಟು ಬಾಡಿಗಿ ನಿಂತ್ರ ಅದನ್ನ ತುಂಬಿಕೊಡೂದನ್ನೂ ಸೇರಿಸಾಕ ಬರ್ತದ."

"ಒಳಗಿನ ಸಾಮಾನು?"

"ನಿಮ್ಮ ಸಾಮಾನಿದ್ರ ನಿಮಗ. ಬಾಡಿಗಿಯವ್ರದು ಅವ್ರೇ ಮಾಡಸ್ಬೇಕ್ರಿ. ನಿಮ್ಮ ಪಾಲಿಸಿ ಅವ್ರ ಒಂದು ಚಮಚಾನೂ ಕಾಯೂದಿಲ್ಲ. ಅಂದ್ಹಂಗ, ಯಾರಾದ್ರೂ ಒಳಗ ದಂಧೆ ಮಾಡ್ತಾರೇನು?"

ಬದರಿ ತನ್ನ ಚಿಕ್ಕಪ್ಪನ ಕೊಟ್ಟಿಗೆಯಲ್ಲಿ ನೇಯುತ್ತಾನೆಂದು ಕಾಮಾಕ್ಷಿ ಹೇಳಿದಳು. ಹೇಳಿದ ಮೇಲೆ ಅವಳಿಗೇ ನಂಬಿಕೆ ಹೋಯಿತು. ಮರುದಿನ ಯಾತ್ರಿಕರ ಊಟ ಮುಗಿಸಿದವಳೇ ಆಟೋ ಹತ್ತಿದಳು.

ಬದರಿಯ ಮನೆ ಇನ್ನೂ ದೂರವಿರುವಾಗಲೇ ಖಟಾಖಟ್ ಸದ್ದು ಕೇಳಿಸಿತು. ಮುಂದಿನ ಕೋಣೆಯ ತುಂಬ ವಿದ್ಯುತ್ ಮಗ್ಗ. ಕಿಟಕಿಯಿಂದ ಎಳೆದ ತಂತಿ ರೇಷ್ಮೆ ನೂಲಿನ ಗಂಟುಗಳ ಮೇಲೆಯೇ ಜೋತುಬಿದ್ದಿತ್ತು. ಹಿತ್ತಲಲ್ಲಿ ಗೋಡೆಗೆ ಅಂಟಿಸಿ ಹುಲ್ಲಿನ ಚಪ್ಪರ, ಅದರ ಕೆಳಗೆ ಸೌದೆಯ ಒಲೆ, ಪಕ್ಕದಲ್ಲಿ ಬೆರಣಿಯ ರಾಶಿ. ತಿಂಗಳು ತಿಂಗಳು ಗೊತ್ತಾದ ದಿನ ಬಂದು, ಮಗ್ಗ ನಿಲ್ಲಿಸಿ ಬಾಗಿಲೆಳೆದು ಬದರಿ ಅಂಗಳಕ್ಕೇ ತಂದುಕೊಟ್ಟ ಬಾಡಿಗೆ ಹಿಡಿದು ಹೋಗುತ್ತಿದ್ದ ಕಾಮಾಕ್ಷಿ, ತನ್ನ ಮನೆಯೊಳಗೆ ಏನಿದೆಯೆಂದು ಕಂಡದ್ದು ಅವತ್ತೇ.

"ಚಾಚಾ ಜಾಗ ಖಾಲಿ ಮಾಡಿಸಿದರು ಅಮ್ಮಾಜಿ," ಎಂದ ಬದರಿ ಮಗ್ಗ ನಿಲ್ಲಿಸಿ. ಅವನ ಹಿಂದಿ ಅವಸರದಲ್ಲಿ ಭೋಜಪುರಿಗೆ ಜಾರುತ್ತಿತ್ತು. "ಎಲ್ಲಿಗೆ ಹೋಗಲಿ? ಹೇಳಿದ್ದರೆ ನೀವು ಬಿಡುತ್ತಿದ್ದಿರಾ?"

ಕಾಮಾಕ್ಷಿ ಹಿತ್ತಲಿಗೆ ಹೋಗಿ ಬೆರಣಿಗಳನ್ನು ಒಲೆಯಿಂದ ದೂರ ಸರಿಸತೊಡಗಿದಳು.

ಕಾಶಿಯ ಲಂಕಾ ಬಡಾವಣೆಯ ವಿಮೆ ಏಜೆಂಟನಿಗೆ ಇದನ್ನೆಲ್ಲ ಹೇಳಿದರೆ ಅವನು ಕೈ ಬೀಸಿಬಿಟ್ಟ. ಮಗ್ಗದ ಮಾತೇ ಎತ್ತಬೇಡಿ, ವಾಸದ ಮನೆ ಎಂದಷ್ಟೇ ಬರೆಯೋಣ, ಕಂತು ಕಡಿಮೆಯಾಗುತ್ತದೆ, ಹಳ್ಳಿಗೆ ಯಾರು ಬಂದು ನೋಡುತ್ತಾರೆ ಎಂದ. ಲೋಕನಾಥ್‌ಗೂ ಅದೇ ಸರಿ ಕಂಡಿತು. "ಸುಮ್ನ ಸಹಿ ಮಾಡ ಮಾರಾಯ್ತಿ. ನೀನೂ ನಿದ್ದಿ ಮಾಡ್ತಿ, ನಾನೂ ಮಾಡ್ತೀನಿ."

ಸಹಿ ಮಾಡಲು ಪೆನ್ನು ಹಿಡಿದವಳು ಮತ್ತೆ ಕೆಳಗಿಟ್ಟಳು. ಆ ವಾರವೆಲ್ಲ ಅವಳು ಮಾಡಿದ ಸಾರಿಗೆ ಉಪ್ಪು ಹೆಚ್ಚಾಯಿತು, ಇಲ್ಲವೇ ಬೀಳಲೇ ಇಲ್ಲ. ಬದರಿಯನ್ನು ಬಿಡಿಸಿಬಿಡಲೇ ಎಂದು ಬೆಳಿಗ್ಗೆ ಎನಿಸಿದರೆ, ಸಂಜೆಗೆ ಎಲ್ಲಿಗೆ ಹೋಗಲಿ ಎಂಬ ಅವನ ಪ್ರಶ್ನೆ ನೆನಪಾಗುತ್ತಿತ್ತು. ಪಕ್ಕದ ಹಳ್ಳಿಯ ಯಜಮಾನ ಇನ್ನೂ ಕಂಪನಿಯ ಮೆಟ್ಟಿಲು ಹತ್ತಿ ಇಳಿಯುತ್ತಲೇ ಇದ್ದ. ಕೊನೆಗೆ ಒಂದು ದಿನ ಎದ್ದವಳೇ, ವಿಮೆಯನ್ನೂ ಮಾಡಿಕೊಡುತ್ತಿದ್ದ ಗುರುದತ್ತನ ಬ್ಯಾಂಕಿಗೆ ಹೋದಳು. "ಇದ್ದದ್ದು ಇದ್ದಂಗ ಬರೆಯೋ ತಮ್ಮಾ. ಎರಡು ಮನಿ ವಾಸದ್ದು, ಒಂದು ಮಗ್ಗದ್ದು, ಒಂದಕ್ಕ ಬೀಗ ಅಂತ."

"ಹಂಗಾರ ನಾಕು ಮನಿ ಆದ್ವಲ್ರಿ!"

"ವಾಸದ್ರಾಗ ಒಂದಕ್ಕ ಬೀಗ, ಅಷ್ಟೂ ತಿಳಿಯೂದಿಲ್ಲೇನು?" ಎಂದು ಗದರಿದಳು. ಎಷ್ಟೋ ದಿನದ ಮೇಲೆ ತಾನೂ ನಕ್ಕಳು.

ಮಗ್ಗವಿದ್ದ ಮನೆಗೆ ಬೇರೆ ಪಾಲಿಸಿಯಾಯಿತು, ಬಾಡಿಗೆ ನಷ್ಟವನ್ನೂ ಸೇರಿಸಿದ್ದಾಯಿತು. ಚಪ್ಪರ ಕೀಳಿಸಿ ತಗಡು ಹಾಕಿಸಿದಳು, ತಂತಿಗಳನ್ನು ಗೋಡೆಯೊಳಗೆ ಹಾಕಿಸಿದಳು. ಇನ್ನು ನಿನ್ನ ಮಗ್ಗಕ್ಕೆ, ನೂಲಿಗೆ ನೀನು ಮಾಡಿಸು ಎಂದು ಬದರಿಗೆ ಹೇಳಿ ಹೇಳಿ ಸಾಕಾಯಿತು. "ಈ ಸೀರೆ ಇಳಿಯಲಿ ಅಮ್ಮಾಜಿ," ಎನ್ನುತ್ತಿದ್ದ. ಒಂದು ಸೀರೆ ಇಳಿದರೆ ಇನ್ನೊಂದು ಮಗ್ಗವೇರುತ್ತಿತ್ತು.

ಮಳೆಗಾಲ ಮುಗಿಯುವ ಹೊತ್ತಿಗೆ ಮಗ್ಗದ ಮೋಟಾರೇ ಹೊತ್ತಿಕೊಂಡಿತು. ಬದರಿಯ ಹೆಂಡತಿ ಮಕ್ಕಳನ್ನು ಎಳೆದುಕೊಂಡು ಆಚೆ ಓಡಿದಳು. ಯಾರಿಗೂ ಏನೂ ಆಗಲಿಲ್ಲ. ಕಾಮಾಕ್ಷಿ ತಲುಪಿದಾಗ ಮುಂಬಾಗಿಲಿರಲಿಲ್ಲ, ಚಾವಣಿಯ ಗಿಲಾವು ಉದುರಿ ಕಬ್ಬಿಣ ಕಾಣುತ್ತಿತ್ತು. ಬದರಿ ಅಂಗಳದಲ್ಲಿ ಕೂತು, ಅರ್ಧ ನೇಯ್ದ ಸೀರೆಯ ಕರಕಲಿನಿಂದ ಜರಿಯನ್ನು ಉಗುರಿನಲ್ಲಿ ಬಿಡಿಸುತ್ತಿದ್ದ.

ಕಂಪನಿಯ ಸರ್ವೇಯರ್ ಬಂದವನೇ ಮಗ್ಗದ ಅವಶೇಷ ನೋಡಿ ಹುಬ್ಬೇರಿಸಿದ. ಕಾಮಾಕ್ಷಿ ಪಾಲಿಸಿ ಮುಂದೆ ಹಿಡಿದಳು. ಅವನು ಓದಿ, ತಲೆಯಾಡಿಸಿ, ಫೋಟೊ ತೆಗೆಯತೊಡಗಿದ. ಒಂದಿಷ್ಟು ಓಡಾಟದ ಮೇಲೆ ಗೋಡೆ, ಚಾವಣಿ, ಬಾಗಿಲಿನ ಖರ್ಚು ಬಂತು. ಮನೆ ರಿಪೇರಿಯಾಗುವ ತನಕದ ಬಾಡಿಗೆಯೂ ಬಂತು. ಬದರಿಗೆ ಏನೂ ಬರಲಿಲ್ಲ.

ಕಾಮಾಕ್ಷಿಗೆ ನೆಮ್ಮದಿಯಾಗಬೇಕಿತ್ತು, ಆಗಲಿಲ್ಲ. ಅವಳು ಬೀಗ ಹಾಕಿದ ಮನೆ ತೆಗೆಸಿ ಬದರಿಯ ಸಂಸಾರವನ್ನು ಅಲ್ಲಿರಿಸಿದ್ದಳು. ತಿಂಗಳು ತುಂಬಿದಾಗ ಲೋಕನಾಥ್ ಕೇಳಿದ, "ಅದರ ಬಾಡಿಗಿ ತಗೊಂಡಿಯೇನು? ಕಂಪನಿ ಕೊಡೂದು ಸುಟ್ಟ ಮನಿದು. ಇದು ಬ್ಯಾರೆ ಮನಿ."

"ಬ್ಯಾರೆ ಮನಿ ಖರೆ, ಸಂಸಾರ ಒಂದ ಅಲ್ಲೇನ್ರಿ? ಒಂದ ಸಂಸಾರದ ಮ್ಯಾಲೆ ಎರಡು ಬಾಡಿಗಿ ತಿನ್ನಾಕ ನನ್ನ ಕಡೆ ಆಗೂದಿಲ್ಲ."

ಲೋಕನಾಥ್ ಪೇಪರ್ ಎತ್ತಿಕೊಂಡ.

ಬ್ಯಾಂಕಿನ ಸಾಲದಲ್ಲಿ ಬದರಿ ಹಳೆಯ ಮಗ್ಗವೊಂದನ್ನು ತಂದು, ರಿಪೇರಿಯಾದ ಮನೆಯಲ್ಲೇ ಜೋಡಿಸಿದ. ಕರೆಂಟ್ ಕೊಡುವ ಮೊದಲೇ ಕಾಮಾಕ್ಷಿ ಅವನನ್ನು ಗುರುದತ್ತನ ಮುಂದೆ ಕೂರಿಸಿದಳು. ಈ ಸಲ ಅವನು ಸೀರೆಯ ಮಾತೆತ್ತದೆ ಮಗ್ಗದ ವಿಮೆಗೆ ಸಹಿ ಹಾಕಿದ.

ಮಗ್ಗ ಶುರುವಾದ ಸಂಜೆ ಮಹುವಾಪುರದಿಂದ ಮರಳುವಾಗ, ರಸ್ತೆಯ ಬದಿಯ ಮನೆಯೊಂದರ ಹಿಂದಿನಿಂದ ದಟ್ಟ ಹೊಗೆ ಏಳುತ್ತಿತ್ತು. "ರೋಕೋ, ರೋಕೋ!" ಎಂದು ಕೂಗಿ ಆಟೋ ನಿಲ್ಲಿಸಿ, ಸೆರಗು ಸಿಕ್ಕಿಸಿಕೊಂಡು ಓಡಿದಳು. ಮುದುಕಿಯೊಬ್ಬಳು ಸೊಳ್ಳೆ ಓಡಿಸಲು ಎಮ್ಮೆಗಳ ಬಳಿ ಒದ್ದೆ ಹುಲ್ಲಿನ ಹೊಗೆ ಹಾಕಿದ್ದಳು. ಓಡಿಬಂದವಳನ್ನು ಕಂಡು, ಏನು ಬೇಕಿತ್ತೆಂದು ಕೇಳಿದಳು.

"ಏನಿಲ್ಲ," ಎಂದ ಕಾಮಾಕ್ಷಿ ಏದುಸಿರು ಬಿಡುತ್ತ ಅಲ್ಲೇ ನಿಂತಳು. ಆಮೇಲೆ ತಡೆಯಲಾರದೆ ಕೇಳಿಯೇಬಿಟ್ಟಳು: "ಈ ಮನೆ ನಿಮ್ಮದೋ, ಬಾಡಿಗೆಯದೋ?"